ಅಂಚು ಸಾಲದು

ಗಾಡಿಕೊಪ್ಪದ ಶಾಲೆಗೆ ಬಂದ ಡಾಕ್ಟರಮ್ಮ
ಎಲ್ಲ ಮಕ್ಕಳ ಎದೆಗೂ ಒಂದೊಂದು ಸಲ ಕೊಳವೆ ಇಟ್ಟು
ನಮ್ಮ ಮೋಕ್ಷಿತಾಳ ಎದೆಗೆ ಮೂರು ಸಲ ಇಟ್ಟರಂತೆ.
‘ಅಮ್ಮಾ, ನಾನೇ ಫಸ್ಟು’ ಅಂತ ಕುಣಿಯುತ್ತ ಬಂದಳು.

ಆಮೇಲೆ ಎಕೋ. ತಣ್ಣನೆ ಜೆಲ್ಲು.
ಕಪ್ಪು ಪರದೆಯಲ್ಲಿ ಕೆಂಪು ನೀಲಿ ಒಂದರೊಳಗೊಂದು ನುಗ್ಗಿ
ಬಣ್ಣ ಬಿಡುವ ಬಟ್ಟೆ ನೆನೆಹಾಕಿದ ಬಕೆಟ್ಟು.
ಡಾಕ್ಟರ್ ನಿರಂಜನ್ ಲ್ಯಾಬಿನ ಚೀಟಿಯ ಬೆನ್ನಿಗೆ
ನಾಲ್ಕು ಕೋಣೆ ಬರೆದು, ಮೇಲಿನೆರಡರ ನಡುಗೋಡೆಗೆ
ಪೆನ್ನಿನ ಮೊನೆಯಿಂದ ತೂತು ಚುಚ್ಚಿದರು.
‘ಹುಟ್ಟುವಾಗಲೇ ಇದ್ದದ್ದು. ನೀವೇನೂ ಮಾಡಿದ್ದಲ್ಲ.’
ಅತ್ತೆ ನನ್ನ ಮುಖ ನೋಡಿದರು.
ಬಸುರಿಯಾಗಿದ್ದಾಗ, ಗ್ರಹಣದ ದಿನ
ಸೂಜಿಗೆ ದಾರ ಪೋಣಿಸಿದ್ದು ಅವರಿಗೆ ನೆನಪಿದೆ.

ಎಡದ ರಕ್ತ ಬಲಕ್ಕೆ ಸೋರಿ
ಈಗಷ್ಟೇ ಹೋಗಿಬಂದ ಶ್ವಾಸಕೋಶಕ್ಕೇ ಮತ್ತೆ ಹೋಗುತ್ತಂತೆ.
ಕೂಡ್ಲಿಯಲ್ಲಿ ಕೂಡಿದರೆ ಪುಣ್ಯ.
ಇಲ್ಲಿ ಕೂಡಿದ್ದೇ ಕಾಯಿಲೆ.

ದಾರಿ ಎರಡು ಅಂದರು.
ತೊಡೆಯ ರಕ್ತನಾಳದಿಂದ ತಂತಿ ಹತ್ತಿಸಿ
ಮಡಚಿದ ಪುಟ್ಟ ಕೊಡೆಯೊಂದನ್ನು ತೂತಿನಾಚೆ ಬಿಚ್ಚುವುದು,
ಈಚೆಗೆ ಇನ್ನೊಂದು. ಎರಡೂ ಕಡೆ ಗೋಡೆ ಕಚ್ಚಿ ಕೂರುತ್ತೆ.
‘ಟಿಚ್‌ಬಟನ್ನು’ ಅಂದೆ. ಡಾಕ್ಟರು ನಕ್ಕರು.
ಎದೆ ಕುಯ್ಯುವುದಿಲ್ಲ, ಮೂರನೆ ದಿನಕ್ಕೆ ಮನೆ.
ಅವತ್ತು ಬಿ.ಎಚ್. ರಸ್ತೆಯಲ್ಲಿ ಅವಳಿಗೆ ಮಸಾಲೆ ದೋಸೆ.

ಗಂಟಲೊಳಗೆ ಕೊಳವೆ ಇಳಿಸಿ ಇನ್ನೊಮ್ಮೆ ಅಳೆದ ಮೇಲೆ
ಅವರು ನಗಲಿಲ್ಲ.
‘ಕೆಳಗಡೆ ಅಂಚೇ ಇಲ್ಲಮ್ಮ. ಕಚ್ಚಲು ಜಾಗ ಬೇಕು. ಜಾರುತ್ತೆ.’

ಇದನ್ನು ನನಗೆ ಬಿಡಿಸಿ ಹೇಳಬೇಕಿಲ್ಲ.
ದುರ್ಗಿಗುಡಿಯಲ್ಲಿ ಹದಿನಾರು ವರ್ಷ ರವಿಕೆ ಹೊಲಿದವಳು.
ಕಾಲಿಂಚೂ ಬಿಡದೆ ಕತ್ತರಿಸಿಕೊಂಡು ಬಂದು
‘ಹುಕ್ಕು ಹಾಕಿಕೊಡಿ’ ಅನ್ನುವವರಿಗೆ
ಇದೇ ಮುಖ ಮಾಡಿ ಇದೇ ಮಾತು ಹೇಳಿದ್ದೇನೆ:
ಅಂಚು ಸಾಲದು, ನಿಲ್ಲೋದಿಲ್ಲ.

ಹಾಗಾದರೆ ಹೊಲಿಗೆ.
ತೇಪೆಗೆ ಬಟ್ಟೆ?
‘ಹೃದಯದ ಸುತ್ತ ತೆಳು ಚೀಲ ಇರುತ್ತೆ, ಅದರದ್ದೇ ತುಂಡು.’
ಅಷ್ಟು ಸಮಾಧಾನ, ಅದೇ ಥಾನಿನದು.
ದಾರ?
‘ಕರಗದ್ದು. ಕೂದಲಿನ ಹಾಗೆ. ನೀಲಿ.’
ಮಗು ಬೆಳೆದರೆ ತೇಪೆ ಬೆಳೆಯುತ್ತಾ?
‘ತೇಪೆ ಬೆಳೆಯೋದಿಲ್ಲ. ಸುತ್ತಲಿನ ಹೃದಯ ಬೆಳೆದುಕೊಳ್ಳುತ್ತೆ.’
ಬಡಿಯುತ್ತಿರುವುದನ್ನು ಹೊಲಿಯುವುದು ಹೇಗೆ
ಅಂತ ಮಾತ್ರ ಕೇಳಲಿಲ್ಲ.
ಅವರೇ ಹೇಳಿದರು: ‘ನಿಲ್ಲಿಸ್ತೀವಿ. ನಲವತ್ತು ನಿಮಿಷ.
ಅಷ್ಟು ಹೊತ್ತು ಮಿಷನ್ನು ನೋಡಿಕೊಳ್ಳುತ್ತೆ.’
ಕುರ್ಚಿಯ ಕೆಳಗೆ ನನ್ನ ಕಾಲು
ತಾನಾಗಿ ಪೆಡಲು ತುಳಿಯುತ್ತಿತ್ತು.

ಎಲ್ಲಿ ಕುಯ್ಯುವುದು? ಮನೆಯಲ್ಲಿ ಎಂಟು ದಿನ ಅದೇ.
ನಡುವೆ ಮೂಳೆ ಸೀಳಿಯೋ,
ಬಲಗಂಕುಳ ಕೆಳಗೆ ಪಕ್ಕೆಲುಬಿನ ಸಂದಿಯಿಂದಲೋ.
‘ಕಂಕುಳೇ ಇರಲಿ, ನಾಳೆ ಗಂಡಿನ ಕಡೆಯವರು ಬಂದರೆ?’
ಅಂದರು ಅತ್ತೆ. ‘ಕುತ್ತಿಗೆ ಮೇಲಿಟ್ಟು ಹೊಲಿತಾಳೆ ಬಿಡಮ್ಮ’
ಅಂದರು ಇವರು, ನಾನು ಅಲ್ಲಿಲ್ಲದ ಹಾಗೆ.
ಸುಳ್ಳೇಕೆ, ನಾನೂ ಒಳಗೊಳಗೇ ಅಳೆಯುತ್ತಿದ್ದೆ:
ಐದಿಂಚು ಇಳಿಸಿದರೆ ಕಾಣುತ್ತೆ,
ಮೂರಾದರೆ,
ಮೂರೂವರೆ.

ಕೊನೆಗೆ ಕೇಳಿದವಳು ಅವಳೇ. ಹನ್ನೊಂದು ವರ್ಷ.
‘ಸರ್, ನಿಮಗೆ ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತೆ?’
ಡಾಕ್ಟರು ಪೆನ್ನು ಕೆಳಗಿಟ್ಟರು.
‘ನನ್ನ ಕೈಗಾದರೆ ನಡುವಿನಿಂದ.’
‘ಹಂಗಾದ್ರೆ ಅಲ್ಲೇ.’

ಇವತ್ತಿಗೆ ಇಪ್ಪತ್ತಾರು ದಿನ.
ಮೇಲಿನ ಗಾಯ ನೇರ ಇದೆ. ಕೊನೆಯಲ್ಲಿ ಮಾತ್ರ
ಚೂರು ಎಳೆದಿದೆ; ನಾನಾಗಿದ್ದರೆ ಬಿಚ್ಚುತ್ತಿದ್ದೆ.
ಆದರೆ ಹೊಲಿಗೆಯ ಗುಣ ತಿಳಿಯಬೇಕಾದರೆ
ಬಟ್ಟೆ ತಿರುವಿ ಒಳಮೈ ನೋಡಬೇಕು.
ಇದೊಂದನ್ನು ತಿರುವುವ ಹಾಗಿಲ್ಲ.

ರಾತ್ರಿ ದೀಪ ಆರಿಸಿ
ಮೆಲ್ಲಗೆ ಅವಳೆದೆಯ ಪಕ್ಕಕ್ಕೆ ಕಿವಿ ತಾಗಿಸುತ್ತೇನೆ.
ಬಡಿತಕ್ಕೂ ಬಡಿತಕ್ಕೂ ನಡುವೆ
ಆ ಗುಣುಗು ಇದೆಯೋ, ಹೋಯಿತೋ,
ಕೇಳುತ್ತಿರುವುದು ಫ್ಯಾನಿನದೋ
‘ಅಮ್ಮಾ, ಭಾರ. ತಲೆ ತೆಗಿ.’