ಸೋಪು ಬೇಡ, ಬ್ಲಾಂಕಾ

ಸೋಪು ಬೇಡ, ಬ್ಲಾಂಕಾ.
ಆ ನೀಲಿ ಬಾಟಲಿಯ ಬ್ಲೀಚನ್ನಂತೂ ಮುಟ್ಟಲೇ ಬೇಡ.
ನಾಳೆ ಈ ಟಬ್ಬಿಗೆ ಬರುವವನು
ನೀರನ್ನೇ ಉಸಿರಾಡುವವನು.

ತೋಳು ಮಡಚು. ಉಂಗುರ ತೆಗೆದು ಕನ್ನಡಿಯ ಹಿಂದಿಡು.
ಹೋದ ವರ್ಷ ನಿನ್ನಮ್ಮನದು ಮೋರಿ ಸೇರಿ
ಕೆಳಮನೆಯ ಹವ್ರಾನೆಕ್ ಪೈಪು ಬಿಚ್ಚಬೇಕಾಯ್ತು;
ಉಂಗುರದ ಜೊತೆ
ನಮ್ಮ ಮೂರು ತಲೆಮಾರಿನ ಕೂದಲೂ ಹೊರಗೆ ಬಂತು.

ಮೊದಲು ಬಿಸಿನೀರು. ಟಬ್ಬಿನ ಮೈ ಬೆಚ್ಚಗಾಗಲಿ.
ಆಮೇಲೆ ಅಡಿಗೆ ಸೋಡಾ,
ಜೇನಿನ ಬಿಸ್ಕತ್ತಿಗೆ ತಂದು ಮಿಕ್ಕಿದ್ದು,
ಮಣೆಗೆ ಹಿಟ್ಟು ಉದುರಿಸಿದ ಹಾಗೆ.
ಒದ್ದೆ ಕಾಲುಚೀಲ ಕೈಗೇರಿಸಿ ಉಜ್ಜು.
ತಾತನದು. ಒಂಟಿ.
ಜೋಡಿ ಎಲ್ಲಿ ಹೋಯಿತೋ ಅವನಿಗೂ ಗೊತ್ತಿರಲಿಲ್ಲ.

ಆ ಬೂದು ಗೆರೆ ಕಾಣುತ್ತಾ, ಮೊಳಕೈ ಎತ್ತರಕ್ಕೆ?
ಅದು ಓಲ್ದ್ರಿಖ್.
ಗಣಿಯಲ್ಲೇ ಮಿಂದು ಬರುತ್ತಿದ್ದ; ಆದರೂ
ಕಿವಿಯ ಹಿಂದೆ, ರೆಪ್ಪೆಯ ಬುಡದಲ್ಲಿ
ಓಸ್ಟ್ರಾವಾದ ಕಲ್ಲಿದ್ದಲು ಉಳಿದೇ ಇರುತ್ತಿತ್ತು.
ಭಾನುವಾರ ಬಂದರೆ, ಬಟಾಣಿ ನೆನೆಹಾಕಿದ ಹಾಗೆ
ತನ್ನನ್ನು ತಾನೇ ಇಲ್ಲಿ ನೆನೆಹಾಕಿಕೊಳ್ಳುತ್ತಿದ್ದ.
ಇಪ್ಪತ್ತೆರಡು ವರ್ಷ ಉಜ್ಜಿದ್ದೇನೆ. ಹೋಗಲ್ಲ.
ನೀನೂ ಒಮ್ಮೆ ಉಜ್ಜಿ ನೋಡು, ಬೇಡ ಅನ್ನಲ್ಲ.

ವಿನೆಗರು ನಲ್ಲಿಗೆ ಮಾತ್ರ. ಸುಣ್ಣ ಕಟ್ಟಿದೆಯಲ್ಲ,
ನೆನೆಸಿದ ಬಟ್ಟೆ ಸುತ್ತು,
ಹಲ್ಲುನೋವಿನವನ ದವಡೆಗೆ ಕಟ್ಟಿದ ಹಾಗೆ.
ಎನಾಮಲ್ಲಿಗೆ ಹುಳಿ ಆಗದು, ಹೊಳಪು ತಿಂದುಹಾಕುತ್ತೆ.
ಸೋಡಾದ ಮೇಲೆ ಸುರಿದರೆ ಬುಸ್ಸೆಂದು ನೊರೆ ಏಳುತ್ತೆ, ನಿಜ,
ಅದು ಬರೀ ಆರ್ಭಟ.
ಕೆಲಸ ಮಾಡುವುದು ತೋಳು.
ತುಕ್ಕಿನ ಚುಕ್ಕೆಗೆ ಉಪ್ಪು, ನಿಂಬೆಹೋಳು. ನೂರೆಣಿಸು. ತೊಳೆ.

ಏನದು, ಮೋರಿಯ ಬಾಯಲ್ಲಿ? ಬೆಳಕಿಗೆ ಹಿಡಿ.
ಹೋದ ಕ್ರಿಸ್ಮಸ್ಸಿನವನ ಹುರುಪೆ!
ಪರ್ಸಿನಲ್ಲಿಟ್ಟುಕೋ, ದುಡ್ಡು ನಿಲ್ಲುತ್ತಂತೆ.
ನನ್ನದರಲ್ಲಿ ಹದಿನಾಲ್ಕಿವೆ.
ದುಡ್ಡಿಲ್ಲ.

ಈಗ ಮೂರು ಸಲ ಜಾಲಿಸು.
ಬೆರಳೊದ್ದೆ ಮಾಡಿ ನಾಲಗೆಗೆ ಮುಟ್ಟಿಸು: ಯಾವ ರುಚಿಯೂ ಇರಕೂಡದು.
ತಣ್ಣೀರು ತುಂಬಿಸಿ ರಾತ್ರಿಯಿಡೀ ಅದರ ಪಾಡಿಗೆ ಬಿಡು,
ಕ್ಲೋರಿನ್ ಹಾರಿಹೋಗಲಿ.
ಎರಡು ದಿನ ಯಾರಿಗೂ ಸ್ನಾನವಿಲ್ಲ;
ಮುಖ, ಕಂಕುಳು, ಎಲ್ಲ ಅಡಿಗೆಮನೆಯ ಸಿಂಕಿನಲ್ಲಿ.
ರಾತ್ರಿ ಬಚ್ಚಲಿಗೆ ಬಂದರೆ ದೀಪ ಹಾಕಬೇಡ,
ಬೆಚ್ಚಿಬೀಳುತ್ತಾನೆ.

ಹೆಸರಿಡಬೇಡ.
ನಿನ್ನಮ್ಮ ಇಟ್ಟಿದ್ದಳು, ಏಳು ವರ್ಷದವಳು.
ಆ ಹಬ್ಬಕ್ಕೆ ನಾವು
ಬರೀ ಆಲೂಗಡ್ಡೆ ಸಲಾಡು ತಿಂದೆವು.

ನಗಬೇಡ. ನನಗೂ ಗೊತ್ತು,
ಇಪ್ಪತ್ನಾಲ್ಕರ ಬೆಳಿಗ್ಗೆ ಸುತ್ತಿಗೆ ಎತ್ತುವವಳು ನಾನೇ.
ಓಲ್ದ್ರಿಖ್‌ಗೆ ಕೈ ಬರುತ್ತಿರಲಿಲ್ಲ, ಅಷ್ಟು ದೊಡ್ಡ ಆಳಿಗೆ;
ಮೆಟ್ಟಿಲ ಬಳಿ ಹೋಗಿ ಸಿಗರೇಟು ಹಚ್ಚುತ್ತಿದ್ದ.
ಅದಕ್ಕೆಂದೇ ಹೇಳುತ್ತಿರುವುದು,
ಮೂಲೆ ಬಿಟ್ಟಿದ್ದೀಯ, ಅಗೋ ಅಲ್ಲಿ,
ಇನ್ನೊಮ್ಮೆ.

ಅವನು ಹೋದ ಮೇಲೆ
ಬ್ಲೀಚು ಸುರಿ, ಎಷ್ಟು ಬೇಕೋ ಅಷ್ಟು.