ಸುಕ್ತಿಯ ಹೊತ್ತು

ಕುಮಟೆಯ ತರಬೇತಿಯಲ್ಲಿ
ಮಗುವೇ ತರಗತಿಯ ನಡುವೆ ಇರಬೇಕೆಂದು
ಮೂರು ತಾಸು ಒಬ್ಬರೇ ಮಾತಾಡಿದರು.
ನಾವು ನಲವತ್ತು ಮಂದಿ ಬಾಯಿ ಮುಚ್ಚಿ ಬರೆದುಕೊಂಡೆವು.
ಅವಲಕ್ಕಿ, ಚಹಾ, ಹಾಜರಿ ಪತ್ರ.
ಕಾರವಾರದ ಬಸ್ಸಿನ ಕಿಟಕಿಗೆ ತಲೆಯಾನಿಸಿ
ನಾನೂ ಹೀಗೇ ಅಲ್ಲವೇ ಎಂದುಕೊಂಡೆ.
ಅಂಕೋಲೆ ಬರುವಷ್ಟರಲ್ಲಿ ನಿದ್ದೆ.

ನಾನು ಮುದ್ದೇಬಿಹಾಳದವಳು.
ಸಮುದ್ರವೆಂದರೆ ಅಟ್ಲಾಸಿನ ನೀಲಿ.
ಇಲ್ಲಿ ಸುಂಕೇರಿಯ ಎಂಟನೆಯ ತರಗತಿಯಲ್ಲಿ
ಮನೆಗೆ ಕೊಂಕಣಿ, ಪ್ರಾರ್ಥನೆಗೆ ಕನ್ನಡ,
ಜಗಳಕ್ಕೆ ಎರಡೂ.
ಇಂಗ್ಲಿಷು ಮಾತ್ರ
ಧ್ವಜವಂದನೆಯ ಬಿಳಿ ಬೂಟು:
ಹಾಕಿಕೊಂಡವರು ಯಾರೂ ಓಡುವುದಿಲ್ಲ.

ಪುಸ್ತಕದಲ್ಲಿ ಅಂದು ಹಿಮ ಬೀಳುತ್ತಿತ್ತು.
ನಾನು ಸ್ನೋ ಎಂದೆ, ಅವರು ಸ್ನೋ ಎಂದರು.
ಬೆವರು ಒರೆಸಿಕೊಂಡು
ಎಲ್ಲರೂ ಇನ್ನೊಮ್ಮೆ ಸ್ನೋ ಎಂದೆವು.

ಆಗ ಬಂದಳು ದರ್ಶಿತಾ ತಾಂಡೇಲ,
ವಾರದಲ್ಲಿ ನಾಲ್ಕನೆಯ ಸಲ ತಡವಾಗಿ,
ಮೊಣಕಾಲತನಕ ಒಣಗುತ್ತಿದ್ದ ಕೆಸರು,
ಉಗುರ ಸಂದಿಯಲ್ಲಿ ಕಾಳಿ ನದಿ.
"ವೈ ಲೇಟ್?" ಎಂದೆ.
ಜೂನಿನಿಂದ ನಾನು ಅವಳಿಗೆ ಕೇಳಿದ ಒಂದೇ ಪ್ರಶ್ನೆ.
ಬಾಗಿಲ ಚೌಕಟ್ಟು ಹಿಡಿದು, ಕಾಲ್ಬೆರಳು ನೋಡುತ್ತ
ಅವಳೆಂದಳು:
"ಸುಕ್ತಿ ಅಕ್ಕೋರೇ. ವಾಟರ್ ಗೋ. ತಿಸ್ರೆ ಕಮ್."

ಹಿಂದಿನ ಬೆಂಚಿನಿಂದ ನಗೆ ಒಡೆಯಿತು.
ಗೋ ಅಲ್ಲ ಗೋಸ್ ಎಂದು
ಎಸ್ ಒಂದನ್ನು ಬಾಲದಂತೆ ಅಂಟಿಸಲು ಹೊರಟವಳು
ಯಾಕೋ ನುಂಗಿದೆ.
ತರಬೇತಿಯ ಪುಣ್ಯವೇನಲ್ಲ.
ತಿಸ್ರೆ ಎಂದರೇನೆಂದು ನನಗೆ ಗೊತ್ತಿರಲಿಲ್ಲ, ಅಷ್ಟೇ.

"ವಾಟ್ ಈಸ್ ತಿಸ್ರೆ?"

ಉತ್ತರ ಗೊತ್ತಿಲ್ಲದೆ ಕೇಳಿದ ಪ್ರಶ್ನೆ
ಆ ಕೋಣೆಯಲ್ಲಿ ಅದೇ ಮೊದಲು.
ಮಕ್ಕಳು ವಾಸನೆಯಿಂದಲೇ ಹಿಡಿದರು.
"ಸ್ಟೋನ್ ಲೈಕ್, ಬಟ್ ನೋ ಸ್ಟೋನ್," ಎಂದ ಆಗ್ನೆಲ್.
"ಟೂ ಡೋರ್ಸ್ ಅಕ್ಕೋರೇ!"
"ಹಾಟ್ ವಾಟರ್, ಡೋರ್ ಓಪನ್!"
ಒಳಗಿರುವುದು ಮೀಟ್ ಎಂದು ಮುಬಶ್ಶಿರ,
ಮೀಟ್ ಅಂದರೆ ಕೋಳಿಯದು, ಇದು ಬಾಡಿ ಎಂದು ಸಮೀಕ್ಷಾ;
ಕೊಂಕಣಿಯಲ್ಲಿ ಹತ್ತಿಕೊಂಡ ಜಗಳ
ಯಾವಾಗ ಇಂಗ್ಲಿಷಿಗೆ ಹೊರಳಿತೋ
ಮಾಡುವವರಿಗೇ ತಿಳಿಯಲಿಲ್ಲ.

ಸೀಮೆಸುಣ್ಣ ದರ್ಶಿತಾಳ ಕೈಗೆ ಹೋಯಿತು.
ಹಿಮದ ಮೇಲೆಯೇ ನದಿ ಬರೆದಳು,
ಸೇತುವೆ, ದಂಡೆ, ಸೊಂಟ ಬಗ್ಗಿಸಿದ ಅವಳ ಆಯಿ.
ನನಗೆ ನಿಲ್ಲಲು ಜಾಗವಿಲ್ಲದೆ
ಅವಳ ಬೆಂಚಿನಲ್ಲಿ ಹೋಗಿ ಕೂತೆ.

ಆ ಬೆಂಚಿಗೆ ಒಂದು ಕಾಲು ಗಿಡ್ಡ.
ಅಲ್ಲಿಂದ ನೋಡಿದರೆ
ಕಿಟಕಿಯ ಬಿಸಿಲು ಬಿದ್ದು
ಹಲಗೆಯ ಎಡ ಅರ್ಧ ಬರೀ ಹೊಳಪು, ಒಂದಕ್ಷರ ಕಾಣದು.
ಎರಡು ವರ್ಷ
ಹೊಸ ಶಬ್ದಗಳನ್ನೆಲ್ಲ ನಾನು
ಎಡ ಅರ್ಧದಲ್ಲೇ ಬರೆಯುತ್ತಿದ್ದೆ.

ಹೆಡ್‌ಮಾಸ್ತರರು ಗದ್ದಲ ಕೇಳಿ ಇಣುಕಿದರು,
ಅಕ್ಕೋರು ಎಲ್ಲಿ ಎಂದರು.
ಕೈ ಎತ್ತಿದೆ.

ಪರೀಕ್ಷೆಗೆ ಹಿಮವೇ ಬಂತು.
ದರ್ಶಿತಾಳಿಗೆ ಇಪ್ಪತ್ತೈದಕ್ಕೆ ಒಂಬತ್ತು.
ಅದನ್ನು ನಾನೇ ಕೆಂಪಿನಲ್ಲಿ ಬರೆದೆ,
ಬರೆದ ಮೇಲೆ ಪೆನ್ನಿನ ಮುಚ್ಚಳ ಸಿಗಲಿಲ್ಲ.
ಆದರೆ ಗೋಡೆಯ ಮೇಲೆ ಈಗ
ಅವಳ ಕೈಬರಹದ ಸುಕ್ತಿಯ ಪಟ್ಟಿ,
ದಿನಕ್ಕೆ ಮುಕ್ಕಾಲು ತಾಸಿನಷ್ಟು ಸರಿಯುವ ನೀರು,
ಅದರ ಜೊತೆ ಸರಿಯುವ ನಮ್ಮ ಇಂಗ್ಲಿಷ್ ಪೀರಿಯಡ್ಡು.
ಎಡ ಅರ್ಧ ಖಾಲಿ.

ನಿನ್ನೆ ಅವರ ಸರದಿ, ಪ್ರಶ್ನೆ ಕೇಳುವುದು.
"ಯುವರ್ ಪ್ಲೇಸ್, ವಾಟ್ ರಿವರ್?"
ದೊಡ್ಡದು ದೂರ, ಎಂದೆ, ಮನೆ ಹತ್ತಿರ ಒಂದು ಹಳ್ಳ.
ಎರೆಮಣ್ಣಿಗೆ ಇಂಗ್ಲಿಷು ಹುಡುಕಿ ಸೋತು
ಬ್ಲ್ಯಾಕ್, ಬ್ಲ್ಯಾಕ್ ಎನ್ನುತ್ತ ಕೈ ಚಾಚಿದೆ.
ಬೇಸಿಗೆಗೆ ನೋ ವಾಟರ್, ಎಂದೆ.

ದರ್ಶಿತಾ ಹುಬ್ಬು ಗಂಟಿಕ್ಕಿದಳು.
ಅಂಥ ನದಿಯನ್ನು ಅವಳು ಕಂಡಿಲ್ಲ.
"ವಾಟರ್ ಗೋ," ಎಂದಳು, ಮೆಲ್ಲಗೆ,
"ನಾಟ್ ಕಮ್?"

"ಸಮ್‌ಟೈಮ್ಸ್," ಎಂದೆ. "ಸಮ್‌ಟೈಮ್ಸ್ ಕಮ್."

ಯಾರೂ ನನ್ನನ್ನು ತಿದ್ದಲಿಲ್ಲ.