ಎರೆಭೂತ

ಮೇಡಂ ಕೊಟ್ಟ ಫೋಟೋದಲ್ಲಿ ಹಕ್ಕಿ
ಕಿರುಬೆರಳಿನ ಉಗುರಿನಷ್ಟಿತ್ತು.
‘ಆಳೆತ್ತರ ಬೇಕು’ ಅಂದರು,
ಸಂಡೂರಿನ ಸಸ್ಯೋದ್ಯಾನಕ್ಕೆ, ಕಮರದ ಗಿಡಗಳ ನಡುವೆ,
ಮಾರ್ಚ್ ಮುಗಿಯೋದರೊಳಗೆ ಬಿಲ್ಲು.

ನಾನು ಲಾರಿ ಬಾಡಿ ಕಟ್ಟುವವ.
ಕೌಲ್ ಬಜಾರಿನಲ್ಲಿ ಹದಿನೆಂಟು ವರ್ಷ
ಅದಿರು ಹೊರುವ ತೊಟ್ಟಿಲುಗಳಿಗೆ ಬೆಸುಗೆ ಹಾಕಿದ್ದೇನೆ,
ಹಕ್ಕಿ ಗಿಕ್ಕಿ ನೋಡುತ್ತ ಕೂತವನಲ್ಲ.
ಟ್ಯಾಂಕರಿನ ಹೊಟ್ಟೆ ಕೊಯ್ದು ಮೈ ಮಾಡಿದೆ.
ಸ್ಪ್ರಿಂಗ್ ಪಟ್ಟಿ ಬಗ್ಗಿಸಿ ಕುತ್ತಿಗೆ.
ಕಣ್ಣಿಗೆ ಬೇರಿಂಗಿನ ಗುಂಡು,
ರೆಕ್ಕೆಗೆ ಗುಜರಿಯ ನಂಬರ್ ಪ್ಲೇಟು,
ಒಂದರ ಮೇಲೆ ಇನ್ನೂ ಮೂವತ್ತನಾಲ್ಕು ಓದಲು ಬರುತ್ತದೆ.

ಗಿಡಕ್ಕೆ ನೀರು ಬಿಡುವ ಹುಲಿಗೆಮ್ಮ ಕೇಳಿದಳು:
‘ಇದ್ಯಾವ ಹಕ್ಕಿ?’
‘ಎರೆಭೂತ.’
ಪೈಪು ಕೈಬಿಟ್ಟಳು.
ನೀರು ನನ್ನ ಕೇಬಲ್ಲಿನ ಕಡೆ ಹರಿಯಿತು, ನಾನು ಬೈದೆ,
ಅವಳಿಗೆ ಕೇಳಿಸಲೇ ಇಲ್ಲ.

‘ಎರೆಭೂತ ಹಿಂಗ ಕುಕ್ಕರಗಾಲಾಗ ನಿಂದ್ರಂಗಿಲ್ಲಪ್ಪ.
ನಮ್ಮವ್ವ ಬುತ್ತಿ ಹೊತ್ಕೊಂಡು ಮುಂದ, ನಾ ಹಿಂದ,
ಸಿರುಗುಪ್ಪದ ಕಡೆ, ಜೋಳದ ಹೊಲದಾಗ,
ಹಿಂಗ ಹೊಂಟಿತ್ತು ನೋಡು...’

ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ,
ಎದೆ ಮುಂದೆ, ಗದ್ದ ಮೇಲೆ,
ಅರವತ್ತರ ಹೆಂಗಸು ನಡೆದಳು.
ಒಂದು ಹೆಜ್ಜೆ. ನಿಂತಳು. ಇನ್ನೊಂದು.
ಬಾಕಿ ವಸೂಲಿಗೆ ಹೊರಟ ಸಾವುಕಾರನ ಗತ್ತು,
ಆದರೆ ಯಾರ ಮನೆಗೂ ಹೋಗುವುದಿಲ್ಲ.
ನಗಲು ಬಾಯಿ ತೆರೆದ ಖಾಸಿಂ
ಗ್ರೈಂಡರ್ ಆರಿಸಿದ.

‘ಆಮ್ಯಾಲೆ ಕಾಲುವಿ ಬಂತು, ಭತ್ತ ಬಂತು.
ಅದು ಕಾಣಲಿಲ್ಲ’ ಅಂದಳು, ಪೈಪು ಹುಡುಕುತ್ತ.

ಕುತ್ತಿಗೆ ಕತ್ತರಿಸಿ ಮತ್ತೆ ಬೆಸೆದೆ, ಮೂರು ಸಲ.
ನಾಲ್ಕನೆಯ ಸಲ ಅವಳು ಏನೂ ಅನ್ನಲಿಲ್ಲ.

ಏಪ್ರಿಲ್ಲಿನ ಮಧ್ಯಾಹ್ನ.
ಹಕ್ಕಿಯ ಬೆನ್ನೇರಿದ ಓತಿಕ್ಯಾತ
ಅರೆಗಳಿಗೆ ನಿಲ್ಲದೆ ಹಾರಿಕೊಂಡಿತು.
ಹುಲಿಗೆಮ್ಮ ಗೋಣಿಚೀಲ ತೋಯಿಸಿ ಹೊದಿಸಿದಳು,
ಜ್ವರ ಬಂದ ಕೂಸಿಗೆ ಹೊದಿಸಿದಂತೆ.
‘ಸುಡ್ತೈತಿ ಪಾಪ.’

ಗೇಟಿನ ಹತ್ತಿರ ಬೀಡಿ ಹಚ್ಚಲು ತಿರುಗಿದವ
ಕಡ್ಡಿ ಬೆರಳಿಗೆ ಬರುವವರೆಗೂ ನಿಂತೆ.
ಕಮರದ ನೆರಳಿನಾಚೆ
ಒದ್ದೆ ಹೊಲದ ಬಣ್ಣದ ಬೆನ್ನು,
ಈಗಷ್ಟೇ ನಿಂತಂತೆ, ಇನ್ನೊಂದು ಹೆಜ್ಜೆ ಎತ್ತುವಂತೆ.
ನಾನು ಮಾಡಿದ್ದಲ್ಲ ಅದು.

ಉದ್ಘಾಟನೆಯ ಹಿಂದಿನ ದಿನ ಮೇಡಂ ಬಂದರು:
‘ಆ ಗೋಣಿ ತೆಗೆಸಿ.’
‘ಅದೂ ಬಿಲ್ಲಿನಾಗೈತಿ ಮೇಡಂ’ ಅಂದೆ,
ಪೆನ್ನು ತೆಗೆದು ಕೊನೆಗೆ ಸೇರಿಸಿದೆ:
ಗೋಣಿ, ಒಂದು. ನೀರು, ದಿನಕ್ಕೆ ಎರಡು ಸಲ.